ಲೈದಾಳ ಕಡತ ತೆರೆದವರು

ಹೀಯುಮಾ ದ್ವೀಪದ ಶಾಲಾ ಬಸ್ಸನ್ನು ಲೈದಾ ಕೂಸ್ಕ್ ಇಪ್ಪತ್ತೆರಡು ವರ್ಷ ಓಡಿಸಿದಳು. ಹಿಮ ಬಿದ್ದು ರಸ್ತೆ ಗಾಜಿನಂತಾದ ದಿನವೂ ಒಂದು ಮಗುವಿಗೂ ಶಾಲೆಗೆ ತಡವಾಗಿದ್ದಿಲ್ಲ. ಅಂಥವಳನ್ನು ಬಸ್ಸಿನ ಮಾಲೀಕ ರೈವೊ ಮಾರ್ಚ್ ತಿಂಗಳ ಒಂದು ಸೋಮವಾರ ತಡೆದು ನಿಲ್ಲಿಸಿದ.

"ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಲೈದಾ. ಮನಸ್ಸಿನ ಆರೋಗ್ಯಾನೂ ನೋಡ್ಕೋಬೇಕಲ್ವಾ?" ಎಂದು ಕೀಲಿ ಇಸಿದುಕೊಂಡ.

ಮನಸ್ಸಿನ ಆರೋಗ್ಯ! ಎಂಟು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಅವಳು ಖಿನ್ನತೆಗೆ ಮದ್ದು ತಿಂದದ್ದು ಅವಳಿಗೆ ಗೊತ್ತು, ಡಾಕ್ಟರಿಗೆ ಗೊತ್ತು. ಇವನಿಗೆ ಹೇಳಿದವರಾರು?

ಇಲ್ಲಿ ಎಲ್ಲರ ಕಾಯಿಲೆಯ ಕಡತವೂ ಕಂಪ್ಯೂಟರಿನಲ್ಲಿದೆ. ಯಾರು ತೆರೆದರೂ ಅವರ ಹೆಸರು, ದಿನಾಂಕ ಅಲ್ಲೇ ದಾಖಲಾಗುತ್ತವೆ; ಆ ಪಟ್ಟಿಯನ್ನು ರೋಗಿಯೂ ನೋಡಬಹುದು. ಲೈದಾ ಗ್ರಂಥಾಲಯಕ್ಕೆ ಹೋಗಿ ಅಲ್ಲಿನ ಕಂಪ್ಯೂಟರಿಗೆ ತನ್ನ ಗುರುತಿನ ಕಾರ್ಡು ಸಿಕ್ಕಿಸಿದಳು. ಫೆಬ್ರವರಿ ಹನ್ನೊಂದು, ಹಿಲ್ಲೆ ತಾಮ್. ಆರೋಗ್ಯ ಕೇಂದ್ರದಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವವಳು, ರೈವೊನ ತಂಗಿ. ಊರಿನ ಗಾಯನವೃಂದದಲ್ಲಿ ಲೈದಾಳ ಪಕ್ಕದಲ್ಲೇ ನಿಂತು ಹಾಡುವವಳು! ಆ ದಿನ ಲೈದಾ ಕೇಂದ್ರದ ಕಡೆ ಸುಳಿದೂ ಇರಲಿಲ್ಲ. ಅರವತ್ತು ದಾಟಿದ ಬಸ್ಸಮ್ಮ ಈ ಪಟ್ಟಿ ಎಲ್ಲಿ ನೋಡುತ್ತಾಳೆಂದು ಹಿಲ್ಲೆ ತನ್ನ ಸ್ವಂತ ಕಾರ್ಡಿನಲ್ಲೇ ಇಣುಕಿದ್ದಳು.

ಯಾಕೆ ತೆರೆದಿರಿ, ಬರೆದು ಕೊಡಿ ಎಂದು ಲೈದಾ ಕೇಂದ್ರಕ್ಕೆ ಪತ್ರ ಹಾಕಿದಳು. ಉತ್ತರ ಬರಲಿಲ್ಲ, ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡು ಹಿಡಿದು ಹಿಲ್ಲೆಯೇ ಬಂದಳು. ಈ ಊರಲ್ಲಿ ಜಗಳ ಮುಗಿಸುವುದೇ ಹಾಗೆ: ಬ್ರೆಡ್ಡು, ಕಾಫಿ, ಆಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ.

"ಬಿಡೇ ಮಾರಾಯ್ತಿ, ಸುಮ್ನೆ ಒಂದ್ಸಲ ಕಣ್ಣಾಡಿಸ್ದೆ. ಮಕ್ಕಳ ವಿಷಯ ನೋಡು, ಅಣ್ಣ ಕೇಳ್ದ."

"ನನ್ನನ್ನೇ ಕೇಳೋಕೆ ನಿಮ್ಮಣ್ಣಂಗೆ ಬಾಯಿ ಬಿದ್ದೋಗಿತ್ತಾ?"

"ರಂಪ ಮಾಡಿದ್ರೆ ನಿನ್ ಕತೇನೇ ಊರಿಗೆಲ್ಲ ಗೊತ್ತಾಗೋದು, ತಿಳ್ಕೋ."

ಕದ್ದವಳು ಕಳೆದುಕೊಂಡವಳಿಗೆ ಮಾನದ ಪಾಠ ಹೇಳುತ್ತಿದ್ದಾಳೆ! ರೋಗಿಯ ನಾಚಿಕೆಯೊಂದೇ ಇಂಥವರ ಬಲ. ಆ ನಾಚಿಕೆಯನ್ನು ಅವತ್ತು ಲೈದಾ ಕಿತ್ತೆಸೆದಳು. ಬ್ರೆಡ್ಡನ್ನು ಹಿಲ್ಲೆಯ ಕೈಗೇ ವಾಪಸಿಟ್ಟಳು. "ಕಾಫಿನೂ ಇಲ್ಲ. ನಡಿ."

ಮರುದಿನ ಊರಂಗಡಿಯ ಸೂಚನಾ ಹಲಗೆಯ ಮೇಲೆ, ಸೌದೆ ಮಾರುವವರ ಚೀಟಿಯ ಪಕ್ಕ, ಆ ಪಟ್ಟಿ ನೇತಾಡುತ್ತಿತ್ತು. ಕೆಳಗೆ ಲೈದಾಳ ದಪ್ಪ ಅಕ್ಷರ: "ಎಂಟು ವರ್ಷದ ಹಿಂದೆ ನನಗೆ ಖಿನ್ನತೆ ಇತ್ತು. ಮದ್ದು ತಿಂದೆ, ಬಸ್ಸೂ ಓಡಿಸಿದೆ. ಇದನ್ನು ಹೇಳುವ ಹಕ್ಕು ನನ್ನದು, ಹಿಲ್ಲೆಯದಲ್ಲ. ನಿಮ್ಮ ಕಡತವನ್ನೂ ತೆರೆದಿದ್ದಾಳೆಯೇ, ಹೋಗಿ ನೋಡಿ."

ಗ್ರಂಥಾಲಯದ ಮುಂದೆ ಕಾರ್ಡು ಹಿಡಿದವರ ಸಾಲು ನಿಂತಿತು. ಒಂಬತ್ತು ಜನರ ಪಟ್ಟಿಯಲ್ಲಿ ಅದೇ ಹೆಸರು. ಲೈದಾಳನ್ನೇ ಬಸ್ಸಿಗೆ ಕರೆಸಿ ಎಂದು ತಾಯಂದಿರು ರೈವೊನಿಗೆ ಫೋನ್ ಮೇಲೆ ಫೋನ್ ಮಾಡಿದರು. ಶುಕ್ರವಾರ ಅವನೇ ಕೀಲಿ ಹಿಡಿದು ಬಾಗಿಲಿಗೆ ಬಂದ.

"ಆ ಚೀಟಿ ತೆಗೆದ್ಬಿಡಿ ಲೈದಾ, ಬಸ್ ನಿಮ್ದೇ."

ಲೈದಾ ಕೀಲಿ ಕಿತ್ತುಕೊಂಡಳು. "ಬಸ್ ಓಡಿಸ್ತೀನಿ. ಚೀಟಿ ಅಲ್ಲೇ ಇರತ್ತೆ. ನಿಮ್ ತಂಗಿ ಮೇಲೆ ರಾಜಧಾನಿಯ ಅಧಿಕಾರಿಗಳಿಗೆ ದೂರೂ ಹೋಗಿದೆ."