ಆಮರ್ಸ್‌ಫೋರ್ಟಿನ ಊರಕಲ್ಲು

ನೆದರ್‌ಲ್ಯಾಂಡ್ಸಿನ ಆಮರ್ಸ್‌ಫೋರ್ಟ್ ಎಂಬ ಊರಿನ ನಡುಮಧ್ಯದಲ್ಲಿ ಗೋಪುರ ಇದೆ, ಗುಡಿ ಇಲ್ಲ. ಗುಡಿ ಅಂದರೆ ಚರ್ಚು. ಹಿಂದೆ ಯಾವುದೋ ಕಾಲದಲ್ಲಿ ಅದರೊಳಗೆ ಸಿಡಿಮದ್ದು ಕೂಡಿಟ್ಟಿದ್ದರಂತೆ. ಅದು ಸಿಡಿದು ಚರ್ಚು ನೆಲಸಮವಾಯಿತು, ಗೋಪುರ ಮಾತ್ರ ಉಳಿಯಿತು. ಗೋಡೆಗಳು ಎಲ್ಲೆಲ್ಲಿ ಇದ್ದವೋ ಅಲ್ಲೆಲ್ಲ ನೆಲಹಾಸಿನಲ್ಲಿ ಬೇರೆ ಕಲ್ಲು ಕೂರಿಸಿ ಗೆರೆ ಎಳೆದಿದ್ದಾರೆ. ಜನ ಆ ಗೆರೆ ದಾಟಿ ಸೈಕಲ್ ತುಳಿದುಕೊಂಡು ಹೋಗುತ್ತಾರೆ. ನಮ್ಮಪ್ಪ ಮಾತ್ರ ಗೆರೆಯ ಹೊರಗೇ ನಿಂತು ಬೂಟು ಬಿಚ್ಚತೊಡಗಿದ.

"ಅಪ್ಪಾ, ಚಳಿ. ಹಾಕ್ಕೋ," ಎಂದಳು ತಂಗಿ. "ಇಲ್ಲಿ ಏನೂ ಇಲ್ಲ, ಬರೀ ಗೆರೆ."

"ಗ್ವಾಡೆ ಬಿದ್ದೋದ್ರೆ ದ್ಯಾವ್ರೂ ಎದ್ದೋಯ್ತದಾ? ಇರ್ಲಿ ಬುಡವ್ವ," ಎಂದು ಕಾಲುಚೀಲದಲ್ಲೇ ಒಳಗೆ ಹೋಗಿ, ಗೋಪುರಕ್ಕೆ ಕೈಮುಗಿದು ಬಂದ.

ನನಗೆ ಸಿಟ್ಟು ಬಂತು. ನಾನು ಹುಣಸೂರಿನಲ್ಲಿ ಮೇಷ್ಟ್ರ ಕೆಲಸ ಮಾಡುವವಳು, ಸಿಟ್ಟು ಬೇಗ ಬರುತ್ತದೆ. ತಂಗಿ ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ ನರ್ಸು. ಅಮ್ಮ ತೀರಿಕೊಂಡ ಮೇಲೆ ಅಪ್ಪ ಮಾತು ಕಡಿಮೆ ಮಾಡಿದ್ದ. ಸ್ವಲ್ಪ ದಿನ ಬೇರೆ ಗಾಳಿ ಕುಡಿಯಲಿ ಎಂದು ಅವಳೇ ಟಿಕೆಟ್ ಮಾಡಿಸಿ ನಮ್ಮಿಬ್ಬರನ್ನೂ ಕರೆಸಿಕೊಂಡಿದ್ದಳು. ನೋಡಬೇಕಾದ ಜಾಗಗಳನ್ನೆಲ್ಲ ರಜೆ ಹಾಕಿ ತೋರಿಸುತ್ತಿದ್ದಳು. ಅಪ್ಪ ಎಲ್ಲವನ್ನೂ ನೋಡಿ "ಊಂ" ಅನ್ನುತ್ತಿದ್ದ, ಅಷ್ಟೆ.

ನಿಜ ಹೇಳಬೇಕೆಂದರೆ, ಅಪ್ಪ ಹೊರಟು ಬಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ಹಳೆಯ ಊರು ಎನ್. ಬೇಗೂರಿನ ಕಡೆಗಿತ್ತು. ಕಬಿನಿಗೆ ಕಟ್ಟೆ ಕಟ್ಟಿದಾಗ ಮುಳುಗಿತು. ಜನ ಹಂಪಾಪುರದ ಕಡೆಗೆ ಬಂದು ಹೊಸ ಊರು ಕಟ್ಟಿಕೊಂಡರು, ನಾನು ಹುಟ್ಟಿದ್ದು ಅಲ್ಲಿ. ಹಳೆಯ ಊರಿನ ನಡುವೆ ಒಂದು ಕರುಗಲ್ಲು, ಅಂದರೆ ಊರಕಲ್ಲು, ಇತ್ತು. ಊರು ಕಟ್ಟುವಾಗ ಎಲ್ಲಕ್ಕಿಂತ ಮೊದಲು ನೆಡುವ ಕಲ್ಲು ಅದು. ದನಕ್ಕೆ ಕಾಯಿಲೆ ಬಂದರೆ, ಮಳೆ ತಪ್ಪಿದರೆ, ಮದುವೆ ಆದರೆ, ಎಲ್ಲಕ್ಕೂ ಅದಕ್ಕೊಂದು ಚೊಂಬು ನೀರು. ಆ ಪೂಜೆ ನಮ್ಮ ಮನೆತನದ್ದು. ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದ ವರ್ಷ ಅದರ ತಲೆ ಕಾಣುತ್ತದೆ ಎಂದು ಹಸು ಮೇಯಿಸುವವರು ಹೇಳುತ್ತಾರೆ.

ಆ ಕಲ್ಲನ್ನು ತಂದು ಹೊಸ ಊರಿನಲ್ಲಿ ನಿಲ್ಲಿಸಬೇಕೆಂದು ಊರವರ ಆಸೆ. ಪೂಜೆಯ ಮನೆಯವರು ಹೂಂ ಅನ್ನದೆ ಮುಟ್ಟುವಂತಿಲ್ಲ. ಪ್ರತಿ ಬೇಸಿಗೆಯಲ್ಲೂ ಅಪ್ಪನ ಹಳೆಯ ಗೆಳೆಯ, ನಾವು ಮಾವ ಎಂದು ಕರೆಯುವವರು, ಇಬ್ಬರು ಮೂವರನ್ನು ಕರೆದುಕೊಂಡು ಜಗಲಿಗೆ ಬರುತ್ತಿದ್ದರು. "ಏನ್ಲಾ, ಈ ವರ್ಸನಾರೂ ತರಾನಾ?" ಅಪ್ಪನದು ಒಂದೇ ಉತ್ತರ: "ನೀರ್ನಾಗಿರೋದು ನೀರ್ನಾಗೇ ಇರ್ಲಿ." ದನ ಸತ್ತರೂ, ಅಣ್ಣತಮ್ಮಂದಿರು ಕಚ್ಚಾಡಿದರೂ, ಊರಿಗೆ ಕಲ್ಲಿಲ್ಲವಲ್ಲ ಎಂದು ಜನ ನಮ್ಮ ಮನೆಯತ್ತ ನೋಡುತ್ತಿದ್ದರು. ಅಪ್ಪನಿಗೆ ಗಂಡುಮಕ್ಕಳಿಲ್ಲ. ಅಪ್ಪ ಹೋದ ಮೇಲೆ ಹೂಂ ಅನ್ನಲು ಯಾರೂ ಇರುವುದಿಲ್ಲ. ಈ ವರ್ಷ ನೀರು ಚೆನ್ನಾಗಿ ಇಳಿಯುತ್ತದೆ ಎಂಬ ಮಾತು ಕೇಳುತ್ತಲೇ ಅಪ್ಪ ತಂಗಿಯ ಟಿಕೆಟ್ಟಿಗೆ ಒಪ್ಪಿಕೊಂಡ. ಮುದಿಹಠ ಎಂದು ನಾನು ಬೈದುಕೊಂಡೇ ವಿಮಾನ ಹತ್ತಿದ್ದೆ.

ಗೋಪುರ ನೋಡಿದ ಮರುದಿನ ನೀರಬಾಗಿಲು ನೋಡಲು ಹೋದೆವು. ಹೊಳೆಗೆ ಅಡ್ಡಲಾಗಿ ಕಟ್ಟಿದ ಹಳೆಯ ಕೋಟೆಬಾಗಿಲು, ಎರಡು ಬದಿಗೂ ಗೋಪುರ, ಕೆಳಗೆ ದೋಣಿ ಹೋಗುವಷ್ಟು ದಾರಿ. ಮೇಲೆ ದೊಡ್ಡ ಮರದ ಗಾಲಿಗಳು. ಅವುಗಳ ಒಳಗೆ ಮನುಷ್ಯರು ನಡೆದು ನಡೆದು ಬಾಗಿಲನ್ನು ಎತ್ತಿ ಇಳಿಸುತ್ತಿದ್ದರಂತೆ. ಈ ದೇಶದ ಎಷ್ಟೋ ಭಾಗ ಸಮುದ್ರಕ್ಕಿಂತ ತಗ್ಗಿನಲ್ಲಿದೆ, ನೀರನ್ನು ಹೊರಗೆ ತಡೆದು ನೆಲ ಮಾಡಿಕೊಂಡಿದ್ದಾರೆ ಎಂದು ತಂಗಿ ಹೆಮ್ಮೆಯಿಂದ ಹೇಳಿದಳು. ಆ ಊರು ಅವಳದೇ ಆಗಿಹೋಗಿದೆ, ಅದರಲ್ಲಿ ತಪ್ಪೇನಿಲ್ಲ.

ಅಪ್ಪ ಬಹಳ ಹೊತ್ತು ನೀರನ್ನೇ ನೋಡಿದ. "ಇವ್ರು ನೀರ ಆಚಿಕಾಕಿ ಊರ ಮಡಗವ್ರೆ. ನಮ್ಮೋರು ಊರ ಆಚಿಕಾಕಿ ನೀರ ಮಡಗುದ್ರು," ಎಂದ.

ನಾವಿಬ್ಬರೂ ನಕ್ಕೆವು. ಅಪ್ಪ ನಗಲಿಲ್ಲ.

ಅಲ್ಲಿಂದ ಮಧ್ಯಾಹ್ನ ಒಂದು ಕಲ್ಲಿನ ಹತ್ತಿರ ಹೋದೆವು. ಕಲ್ಲಿನ ಊರು ಎಂದು ಆ ಊರಿಗೆ ಅಡ್ಡಹೆಸರು ಬಂದಿರುವುದೇ ಆ ಕಲ್ಲಿನಿಂದ. ದೊಡ್ಡ ರಸ್ತೆಯ ಪಕ್ಕದಲ್ಲಿ ಒಂದು ಗುಂಡು ಬಂಡೆ, ಬೇರೇನಿಲ್ಲ. ನಮ್ಮ ಕಡೆ ಹೊಲದಲ್ಲಿದ್ದರೆ ಅದರ ಮೇಲೆ ಹುರುಳಿಸೊಪ್ಪು ಒಣಗಹಾಕುತ್ತಿದ್ದೆವು. ಏನಿದು ಎಂದು ಅಪ್ಪ ಕೇಳಿದ. ತಂಗಿ ಮೊಬೈಲಿನಲ್ಲಿ ಬಸ್ಸಿನ ಹೊತ್ತು ನೋಡುತ್ತಲೇ, "ಊರಕಲ್ಲು ಅಪ್ಪಾ," ಎಂದುಬಿಟ್ಟಳು.

ಅಷ್ಟು ಸಾಕಾಯಿತು. ಅಪ್ಪ ಬೂಟು ಬಿಚ್ಚಿದ. ಕುಡಿಯಲು ತಂದಿದ್ದ ಬಾಟಲಿ ತೆರೆದು ಬಂಡೆಯ ಮೇಲೆ ನೀರು ಸುರಿದ. ಅಂಗಿಯ ಜೇಬಿನಲ್ಲಿ ಬೆಟ್ಟದ ಚಿಕ್ಕದೇವಮ್ಮನ ಕುಂಕುಮದ ಪೊಟ್ಟಣ ಯಾವಾಗಲೂ ಇರುತ್ತದೆ. ನಾವು ಅಯ್ಯೋ ಅನ್ನುವುದರೊಳಗೆ ಆ ಪರದೇಶಿ ಕಲ್ಲಿಗೆ ಅಗಲವಾಗಿ ಕುಂಕುಮ ಬಿದ್ದಿತ್ತು.

"ಅಪ್ಪಾ! ಪೊಲೀಸ್ರು ದಂಡ ಹಾಕ್ತಾರೆ!" ತಂಗಿ ಕರವಸ್ತ್ರ ತೆಗೆದುಕೊಂಡು ಒರೆಸಲು ಓಡಿದಳು.

ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಮುದುಕಿ ನಿಂತರು. ತಂಗಿ ಅವರ ಭಾಷೆಯಲ್ಲಿ ಏನೇನೋ ಹೇಳಿ ಕ್ಷಮೆ ಕೇಳಿದಳು. ಮುದುಕಿ ಒರೆಸಬೇಡ ಎಂದು ಅವಳ ಕೈ ತಡೆದು, ನಗುತ್ತ ಕಲ್ಲಿನ ಕತೆ ಹೇಳಿದರು. ತಂಗಿ ಅದನ್ನು ನಮಗೆ ಹೇಳುತ್ತ ಹೋದಳು. ಮುನ್ನೂರು ವರ್ಷಕ್ಕೂ ಹಿಂದೆ ಇಬ್ಬರು ಸಾಹುಕಾರರು ಬಾಜಿ ಕಟ್ಟಿಕೊಂಡರಂತೆ. ಊರಾಚೆಯ ಬಯಲಲ್ಲಿದ್ದ ಈ ಬಂಡೆಯನ್ನು ಜನರಿಂದ ಎಳೆಸಿ ಊರೊಳಗೆ ತರಿಸಿದರೆ ಒಬ್ಬ ಗೆದ್ದ ಹಾಗೆ. ಬಿಯರು, ತಿಂಡಿ ಕೊಟ್ಟರು, ಜನ ಹಗ್ಗ ಹಿಡಿದು ಎಳೆದು ತಂದರು. ಆಮೇಲೆ ಸುತ್ತಲಿನ ಊರವರೆಲ್ಲ ಇವರನ್ನು ಕಲ್ಲೆಳೆಯುವ ದಡ್ಡರು ಎಂದು ಆಡಿಕೊಂಡರು. ನಾಚಿಕೆ ತಾಳಲಾರದೆ ಇವರು ಕಲ್ಲನ್ನು ಗುಂಡಿ ತೋಡಿ ಹೂತುಬಿಟ್ಟರು. ಎರಡು ನೂರು ವರ್ಷದ ಮೇಲೂ ಅದು ಮಣ್ಣಿನಲ್ಲೇ ಇತ್ತು. ಕೊನೆಗೆ ಮೊಮ್ಮಕ್ಕಳ ಮೊಮ್ಮಕ್ಕಳು ಅಗೆದು ತೆಗೆದು, ನಮ್ಮದೇ ಕಲ್ಲು, ನಮ್ಮದೇ ದಡ್ಡತನ ಎಂದು ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದರು.

ಮುದುಕಿ ನಾಯಿಯನ್ನು ಕರೆದುಕೊಂಡು ಹೋದರು. ಅಪ್ಪನ ಮುಖ ಬಿಳಿಚಿಕೊಂಡಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದ. ಎದೆನೋವೇನೋ ಎಂದು ಹೆದರಿ ತಂಗಿ ನಾಡಿ ಹಿಡಿದಳು. ಪಕ್ಕದ ಬೆಂಚಿನಲ್ಲಿ ಕೂರಿಸಿದೆವು.

"ನಗ್ತಾರೆ ಅಂತ ಹೂತಾಕ್ಬುಟ್ರಾ?" ಎಂದು ಕೇಳಿದ. ಆಮೇಲೆ ನಮ್ಮ ಮುಖ ನೋಡದೆ ಹೇಳಿದ: "ನಮ್ಮ ಕಲ್ಲು ಮುರ್ದೋಗದೆ ಕಣವ್ವ. ನಾನೇ ಮುರ್ದೆ."

ಊರು ಬಿಡುವ ವರ್ಷ ಅಪ್ಪನಿಗೆ ಇನ್ನೂ ಮದುವೆ ಆಗಿರಲಿಲ್ಲ. ಹೊಸ ಎತ್ತಿನ ಜೋಡಿ ಕಟ್ಟಿದ್ದ ಕಾಲ. ನೆಟ್ಟ ಕಲ್ಲನ್ನು ಕೀಳಬಾರದು, ಹೋಗಿ ಬರುತ್ತೇವೆ ಎಂದು ಹೇಳಿ ಬಿಟ್ಟು ಹೋಗಬೇಕು ಎಂದು ತಾತ ಹೇಳಿದ್ದ. ಅಪ್ಪನಿಗೆ ಅದು ಒಪ್ಪಿಗೆಯಾಗಲಿಲ್ಲ. ತಾತ ಹೊಸ ಊರಿನ ಜಾಗ ನೋಡಲು ಹೋಗಿ ಅಲ್ಲೇ ಉಳಿದಿದ್ದ ರಾತ್ರಿ, ಊರೆಲ್ಲ ಮಲಗಿದ ಮೇಲೆ, ಕಲ್ಲಿಗೆ ಹಗ್ಗ ಬಿಗಿದು ಎತ್ತುಗಳಿಂದ ಎಳೆಸಿದ. ಕಲ್ಲು ಏಳಲಿಲ್ಲ, ನೆಲದ ಮಟ್ಟಕ್ಕೆ ಲಟಕ್ಕನೆ ತುಂಡಾಯಿತು. ಒಬ್ಬನೇ ಅದನ್ನು ಎತ್ತಿ ಬುಡದ ಮೇಲೆ ನಿಲ್ಲಿಸಿ ಸುತ್ತ ಮಣ್ಣು ಮೆತ್ತಿದ. ಭಿನ್ನವಾದ ಕಲ್ಲಿಗೆ ಪೂಜೆ ಸಲ್ಲುವುದಿಲ್ಲ. ಅದು ಗೊತ್ತಿದ್ದೂ ಬಾಯಿ ಬಿಡಲಿಲ್ಲ.

"ನಮ್ಮಯ್ಯ ಕಡೇ ಪೂಜೆ ಮಾಡ್ದ. ಊರೋರೆಲ್ಲ ಅಳ್ತಾ ಸುತ್ತ ನಿಂತಿದ್ರು. ಒಂದ್ ಕೈಯಾಗೆ ನೀರುಯ್ತಾ, ಇನ್ನೊಂದ್ ಕೈಯ ಕಲ್ಲಿನ ಬೆನ್ಗೆ ಕೊಟ್ಕಂಡು, ಮಗೀನ ತಬ್ಕಂಡಂಗೆ ನಿಂತಿದ್ದ. ಪೂಜೆ ಮುಗ್ದು ಎಲ್ರೂ ಓಗೋಗಂಟ ಆ ಕೈಯ ತೆಗೀನಿಲ್ಲ. ಕಲ್ಲಿನ ಮ್ಯಾಲೆ ಅಷ್ಟೊಂದು ಆಸೆ ಅನ್ಕಂಡೆ. ತಂದು ನಿಲ್ಸಿ ಅಂತ ಊರೋರು ಕೇಳ್ದಾಗೆಲ್ಲ, ತುಂಡು ಕಲ್ಲು ಕಂಡ್ರೆ ಏನಂದಾರು ಅಂತ ಬೇಡ ಬೇಡ ಅಂದೆ."

ನಾನು ಮುದಿಹಠ ಎಂದುಕೊಂಡಿದ್ದು ಇದನ್ನೇ. ನನಗೆ ಅಳು ಬಂತು, ಅತ್ತುಬಿಟ್ಟೆ.

ಅಪ್ಪ ಕುಂಕುಮ ಹಚ್ಚಿದ್ದ ಬಂಡೆಯನ್ನೊಮ್ಮೆ ನೋಡಿ, "ಮಾವಂಗೆ ಫೋನ್ ಆಕವ್ವ," ಎಂದ. ಮನೆಗೆ ಹೋಗಿ ಮಾಡೋಣ ಎಂದರೆ ಕೇಳಲಿಲ್ಲ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಎಂದಾದರೂ ಹೇಳಲೇಬೇಕಿದ್ದ ಮಾತು.

ನಮ್ಮೂರಿನಲ್ಲಿ ಆಗ ಸಂಜೆ. ಮಾವ ಡೈರಿಗೆ ಹಾಲು ಹಾಕಲು ನಿಂತಿದ್ದರು, ಕ್ಯಾನುಗಳ ಸದ್ದು ಕೇಳುತ್ತಿತ್ತು. ಮೊಬೈಲನ್ನು ನಮಗೂ ಕೇಳುವ ಹಾಗೆ ಅಪ್ಪನ ಮಡಿಲಲ್ಲಿ ಇಟ್ಟೆ.

"ಕಲ್ಲ ತನ್ನಿ ಕಣ್ಲಾ," ಎಂದ ಅಪ್ಪ. "ಆದ್ರೆ ಅದು ತುಂಡಾಗದೆ. ಮುರ್ದೋನು ನಾನು. ಎಲ್ರಿಗೂ ಯೋಳು."

ಮಾವ ಪಕ್ಕಕ್ಕೆ ಬಂದರೇನೋ, ಕ್ಯಾನುಗಳ ಸದ್ದು ನಿಂತಿತು.

"ಗೊತ್ತು ಕಣ್ಲಾ," ಎಂದರು. "ನಿಮ್ಮಯ್ಯ ಸಾಯಾಕೆ ಮುಂಚೆ ನಮ್ಮಪ್ಪನ್ ಕುಟೆ ಯೋಳಿದ್ದ. ಅವ್ನು ತಾನಾಗೇ ಬಾಯ್ಬುಡೋಗಂಟ ಯಾರೂ ಆ ಕಲ್ಲ ಮುಟ್ಬ್ಯಾಡಿ, ನನ್ ಮಗನ ಮಾನ ಓಯ್ತದೆ ಅಂತ ಆಣೆ ಆಕಿಸ್ಕಂಡಿದ್ದ. ಅದ್ಕೇ ಕಣ್ಲಾ ವರ್ಸ ವರ್ಸ ಬಂದು ಕೇಳ್ತಿದ್ದುದ್ದು. ನಮ್ಗೆ ಕಲ್ಲಿಗಿಂತ ಈ ಮಾತು ಬೇಕಾಗಿತ್ತು. ಬಂದ್ಬುಡು. ನೀನೇ ಮುಂದೆ ನಿಂತು ಎತ್ತಿಸ್ವಂತೆ."

ಫೋನು ನಿಂತ ಮೇಲೂ ಅಪ್ಪ ಅದನ್ನು ಮಡಿಲಲ್ಲೇ ಹಿಡಿದುಕೊಂಡಿದ್ದ. ಬಸ್ಸು ಬಂತು, ಹೋಯಿತು. ತಂಗಿ ಅವನ ಕಾಲಿಗೆ ಬೂಟು ಹಾಕಿದಳು. ಅವನು ತನ್ನ ಎಡಗೈಯನ್ನು ನಿಧಾನವಾಗಿ ಎತ್ತಿ, ಗಾಳಿಯಲ್ಲಿ ಯಾವುದೋ ಬೆನ್ನಿಗೆ ಕೊಡುವ ಹಾಗೆ ಚಾಚಿ ಹಿಡಿದ.

"ನಮ್ಮಯ್ಯ ಆವತ್ತು ಕೈ ಕೊಟ್ಕಂಡು ನಿಂತಿದ್ದು," ಎಂದು ನನ್ನನ್ನು ಕೇಳಿದ, "ಅದು ಎಲ್ರ ಮುಂದೆ ಬೀಳ್ದೇ ಇರ್ಲಿ ಅಂತಾನಾ?"