ಔಷಧಿ ಹೊಡೆದ ಬದುವಿನ ಹುಲ್ಲು

ಗೌರಕ್ಕ, ನಿಮ್ಮ ಎಮ್ಮೆ ಸತ್ತದ್ದು ಸೊಸೆ ಲತಾಳ ತಪ್ಪಿನಿಂದಲ್ಲ. ನನ್ನ ಗದ್ದೆಯ ಬದುವಿನ ಹುಲ್ಲು ತಿಂದು ಸತ್ತಿತು. ಆ ಹುಲ್ಲಿಗೆ ವಿಷ ಬಿದ್ದಿದೆ ಎಂದು ಗೊತ್ತಿದ್ದೂ ನಾನು ಬಾಯಿಬಿಡಲಿಲ್ಲ. ನಾಲ್ಕು ವರ್ಷ — ದಿನಾ ನಿಮ್ಮ ಮನೆ ಮುಂದೆಯೇ ಹಾದುಹೋಗಿದ್ದೇನೆ.

ಆಗ ರೇಡಿಯೋ ನಾಟಕದಲ್ಲಿ ನಾನು ಬಸಣ್ಣನ ಪಾತ್ರ ಮಾಡುತ್ತಿದ್ದೆ, ಈಗಲೂ ಮಾಡುತ್ತೇನೆ. ನಾಟಿಯಾದ ಮೊದಲ ತಿಂಗಳು ಎಲೆ ತಿನ್ನುವ ಹುಳಕ್ಕೆ ಔಷಧಿ ಹೊಡೆಯಬೇಡಿ, ಪೈರು ತಾನೇ ಚೇತರಿಸಿಕೊಳ್ಳುತ್ತದೆ ಎಂದು ಹೆಂಡತಿಯೊಡನೆ ಜಗಳವಾಡುತ್ತ, ನಗಿಸುತ್ತ ಹೇಳುವ ರೈತ ಬಸಣ್ಣ. ನಮ್ಮೂರು ತಾಳಗುಂದದ ಚಹಾ ಅಂಗಡಿಯಲ್ಲಿ ನನ್ನ ಸ್ವಂತ ಹೆಸರು ಜನಕ್ಕೆ ಮರೆತೇ ಹೋಗಿತ್ತು. ನನಗೂ ಅದು ತಲೆಗೇರಿತ್ತು ಅನ್ನಿ. ಆದರೆ ಆ ವರ್ಷ ನನ್ನದೇ ಗದ್ದೆಯಲ್ಲಿ ಗರಿಗಳು ಸುರುಳಿ ಸುತ್ತಿ ಬೆಳ್ಳಗಾಗತೊಡಗಿದವು. ಇನ್ನೆರಡು ದಿನ ಬಿಟ್ಟರೆ ಗದ್ದೆಯೇ ಹೋಯಿತು ಅನಿಸಿತು. ಬಸಣ್ಣನ ಬೆಳೆಯೇ ಹಾಳಾದರೆ ಜನ ಏನಂದಾರು? ಯಾರೂ ಇಲ್ಲದ ಹೊತ್ತು ನೋಡಿ ಔಷಧಿ ಹೊಡೆದುಬಿಟ್ಟೆ.

ಔಷಧಿ ಹೊಡೆದವರು ಬದುವಿನ ಮೇಲೆ ಕೋಲು ನೆಟ್ಟು ಖಾಲಿ ಡಬ್ಬಿ ಸಿಕ್ಕಿಸಬೇಕು — ಯಾರೂ ಹುಲ್ಲು ಕೊಯ್ಯದಿರಲಿ, ದನ ಬಿಡದಿರಲಿ ಎಂದು. ನಮ್ಮೂರಲ್ಲಿ ಎಂಥ ಸೋಮಾರಿಯೂ ಅಷ್ಟು ಮಾಡುತ್ತಾನೆ. ನಾನು ಮಾಡಲಿಲ್ಲ. ಬಸಣ್ಣನ ಗದ್ದೆಯಲ್ಲಿ ಡಬ್ಬಿ ಕಾಣುವುದುಂಟೇ!

ಮರುದಿನ ಸೊರಬದ ಹೊಸಬಾಳೆಯಿಂದ ಏಳೆಂಟು ಕೇಳುಗರು ನನ್ನ ಗದ್ದೆ ನೋಡಲೆಂದೇ ಬಂದರು. ಅವರು ಬದುವಿನ ಮೇಲೆ ನಿಂತಿದ್ದಾಗಲೇ ನೀವು ಕುಡುಗೋಲು ಹಿಡಿದು ಬಂದಿರಿ.

"ಬ್ಯಾರೆಯೋರ ಬದುವಿಗೆ ಹೋಗಾಕೆ ಹೆದ್ರಿಕೆ. ಬಸಣ್ಣನ ಹುಲ್ಲಾದ್ರೆ ಕಣ್ಮುಚ್ಚಿ ಎಮ್ಮೆಗೆ ಹಾಕ್ತೀನಿ. ಕೊಯ್ಕಳ್ಲೇನಪ್ಪ?"

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಏನಾದರೂ ನೆಪ ಹೇಳಬಹುದಿತ್ತು. ಹಾವು ಕಂಡೆ ಅಂದಿದ್ದರೂ ಸಾಕಿತ್ತು —

"ಕೊಯ್ಕಳಕ್ಕ, ಅದನ್ನೇನು ಕೇಳ್ತೀರಿ," ಅಂದೆ.

ಅವರು ಬಸ್ಸು ಹತ್ತುವವರೆಗೂ ನಗುತ್ತಲೇ ಇದ್ದೆ. ಆಮೇಲೆ ನಿಮ್ಮ ಬೀದಿಯ ತಿರುವಿನವರೆಗೆ ಓಡಿ ಬಂದೆ. ಬದುವಿಗೆ ಅಷ್ಟೇನೂ ಬಿದ್ದಿರಲಿಕ್ಕಿಲ್ಲ, ಒಂದು ಹೊರೆ ಹುಲ್ಲಿಗೆ ಏನಾದೀತು ಎಂದು — ವಾಪಸ್ ಹೋದೆ. ಸಂಜೆಗೆ ಎಮ್ಮೆ ನೊರೆ ಸುರಿಸಿ ಬಿತ್ತು. ದನದ ಡಾಕ್ಟರು ವಿಷ ಅಂದಾಗಲೂ ನನ್ನ ಹುಲ್ಲಿನ ಮೇಲೆ ನಿಮಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಲತಾ ಎಮ್ಮೆಯನ್ನು ಔಷಧಿ ಹೊಡೆದ ಜೋಳದ ಹೊಲಕ್ಕೆ ಬಿಟ್ಟಿರಬೇಕು ಎಂದು ತೀರ್ಮಾನಿಸಿದಿರಿ. ಅಂದಿನಿಂದ ಅವಳನ್ನು ಕೊಟ್ಟಿಗೆಗೆ ಕಾಲಿಡಲು ಬಿಟ್ಟಿಲ್ಲ.

ಇನ್ನೊಂದು ಹೇಳಬೇಕು. ನಾಟಕ ನಂಬಿ ಔಷಧಿ ಮುಟ್ಟದ ನಿಮ್ಮ ಗದ್ದೆಗೂ ಅದೇ ಹುಳ ಬಿದ್ದಿತ್ತು. ನಿಮ್ಮ ಪೈರು ಚೇತರಿಸಿಕೊಂಡು ನನ್ನದರಷ್ಟೇ ಬೆಳೆಯಿತು. ನಾನು ಆಡಿದ ಮಾತು ನಿಜವೇ ಆಗಿತ್ತು, ನನಗೇ ಅದರಲ್ಲಿ ನಂಬಿಕೆ ಇರಲಿಲ್ಲ. ಈಗ ಬಾಯಿಬಿಟ್ಟರೆ ಜನ ನಾಟಕವೇ ಸುಳ್ಳೆಂದು ಮತ್ತೆ ಔಷಧಿಗೆ ಕೈಹಾಕುತ್ತಾರೆ — ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವಾಗಿ ಹೆದರಿದ್ದು ನನ್ನ ಮಾನ ಹೋಗುತ್ತದೆಂದು.

ಮೊನ್ನೆ ಲತಾ ನನ್ನ ಮನೆಗೆ ಬಂದಿದ್ದಳು.

"ಮಾವ, ನಾನು ಎಮ್ಮೆನ ಜೋಳದ ಹೊಲಕ್ಕೆ ಬಿಟ್ಟಿರ್ಲಿಲ್ರಿ. ಅತ್ತೆಗೆ ನೀವೊಂದ್ ಮಾತು ಹೇಳ್ರಿ. ನೀವ್ ಹೇಳಿದ್ರೆ ನಂಬ್ತಾರೆ."

ನೋಡೋಣ ಎಂದು ಕಳಿಸಿದೆ. ಇವತ್ತು ಈ ಕಾಗದ ಬರೆಯಲು ಕೂತಿದ್ದೇನೆ.

ನಾಳೆ ಬೆಳಿಗ್ಗೆ ಈ ಕಾಗದ ಹಿಡಿದು ನಿಮ್ಮ ಮನೆಗೆ ಬರುತ್ತೇನೆ. ನಾನೇ ಓದುತ್ತೇನೆ. ಲತಾಳನ್ನು ಕರೆಯಿರಿ, ಅವಳು ಬಂದು ಕೂತ ಮೇಲೆಯೇ ಶುರು ಮಾಡುತ್ತೇನೆ. ಆಮೇಲೆ ನನಗೆ ಏನು ಅನ್ನಬೇಕೋ ಅದನ್ನು ಅವಳೆದುರಿಗೇ ಅನ್ನಿ.