ಬ್ಯಾಟರಿ ಸತ್ತದ್ದು ನನ್ನಿಂದಲ್ಲ

ನಾನು ಚಿಕ್ಕವಳಿದ್ದಾಗ ಹಲಗೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಇದ್ದದ್ದು ಒಂದೇ ಕಾರು, ಅಪ್ಪನ ಅಂಬಾಸಿಡರ್. ಅಪ್ಪ ಅದನ್ನು ಮದುವೆಗಳಿಗೆ ಬಾಡಿಗೆಗೆ ಓಡಿಸುತ್ತಿದ್ದರು. ಆಷಾಢದಲ್ಲಿ ಮದುವೆ ಇಲ್ಲವಲ್ಲ, ಕಾರು ತಿಂಗಳಿಡೀ ಚಪ್ಪರದಡಿ ನಿಂತುಬಿಡುತ್ತಿತ್ತು.

ನಿಂತ ಕಾರಿನ ಬ್ಯಾಟರಿ ಸುಮ್ಮನೆ ಬಿಟ್ಟರೆ ಸಾಯುತ್ತದೆ. ಅದಕ್ಕೇ ಅಪ್ಪ ಅದನ್ನು ಬಿಚ್ಚಿ ನಡುಮನೆಯ ಮೂಲೆಯಲ್ಲಿ ಮರದ ಹಲಗೆಯ ಮೇಲೆ ಇಡುತ್ತಿದ್ದರು. ಆಮೇಲಿನ ಸೇವೆಯೆಲ್ಲ ನನ್ನದು. ಸೀಸದ ಗೂಟಗಳ ಮೇಲೆ ಕಟ್ಟಿದ ಬಿಳಿ ಪುಡಿಯನ್ನು ಸೋಡಾ ಬೆರೆಸಿದ ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ ವ್ಯಾಸಲಿನ್ ಬಳಿಯುತ್ತಿದ್ದೆ. ಹುಳಿಹುಳಿ ವಾಸನೆ ಮೂಗಿಗೆ ಅಡರುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಅಪ್ಪ ಅದನ್ನು ಬಸ್ಸಿನಲ್ಲಿ ಹಲಗೂರಿಗೆ ಒಯ್ದು ಚಾರ್ಜ್ ಮಾಡಿಸಿ ತರುತ್ತಿದ್ದರು. ಊರಲ್ಲಿ ಬೇರೆ ಯಾವ ಹುಡುಗಿಗೂ ಇಂಥ ಕೆಲಸ ಇರಲಿಲ್ಲ. ನನಗೆ ಎಷ್ಟು ಜಂಬ ಅಂತೀರಿ!

ಆ ವರ್ಷ ಶ್ರಾವಣದ ಮೊದಲ ಮದುವೆ ಮದ್ದೂರಿನಲ್ಲಿತ್ತು. ನಮ್ಮೂರ ಗಂಡು ಪೇಟ ಸುತ್ತಿಕೊಂಡು ಬಂದು ಕಾರಿನ ಪಕ್ಕ ನಿಂತಿದ್ದ. ಅಪ್ಪ ಬ್ಯಾಟರಿ ಕೂರಿಸಿ ಕೀಲಿ ತಿರುಗಿಸಿದರು. ಟಕ್ ಅಂದಿತು, ಅಷ್ಟೇ. ನಾಲ್ಕು ದಿನದ ಹಿಂದೆ ಚಾರ್ಜ್ ಮಾಡಿಸಿ ತಂದ ಬ್ಯಾಟರಿ!

ಪಕ್ಕದ ಮನೆಯ ದೊಡ್ಡಪ್ಪ ಜಗಲಿಯಿಂದಲೇ ಕೂಗಿದರು: "ಎಣ್ಣೈಕ್ಳ ಕೈಗೆ ಕೊಟ್ರೆ ಇನ್ನೇನ್ಲಾ ಆಯ್ತದೆ?"

ಅಷ್ಟು ಜನರ ಮುಂದೆ ಅಪ್ಪ ನನ್ನ ಕೆನ್ನೆಗೆ ಬಾರಿಸಿದರು. "ಇನ್ಮ್ಯಾಕೆ ಬ್ಯಾಟ್ರಿ ತಾವ್ಕೆ ಬರ್ಬ್ಯಾಡ" ಅಂದರು. ಊರವರು ಸೇರಿ ಕಾರು ತಳ್ಳಿದರು, ಗುರ್ರೆಂದು ಹೊಗೆಯುಗುಳಿ ಅದು ಹೊರಟುಹೋಯಿತು.

ಅಳುತ್ತಾ ದೊಡ್ಡಪ್ಪನ ಮನೆಯೊಳಗೆ ಹೋದೆ. ಬ್ಯಾಟರಿಯಲ್ಲೂ ಓಡುವ ಅವರ ಪುಟ್ಟ ಟಿ.ವಿ.ಯ ಹಿಂದೆ ಎರಡು ವೈರು ನೇತಾಡುತ್ತಿದ್ದವು. ತುದಿಯ ಕ್ಲಿಪ್ಪುಗಳಿಗೆಲ್ಲ ನಾನು ಬಳಿದಿದ್ದ ವ್ಯಾಸಲಿನ್! ಮೂರು ದಿನದ ಹಿಂದೆ, ಭಾನುವಾರ, ನಾವೆಲ್ಲ ಬೆಳಕವಾಡಿಗೆ ಹೋಗಿದ್ದೆವು. ಕರೆಂಟು ಹೋಗಿದೆ, ದೊಡ್ಡಪ್ಪ ನಮ್ಮ ಬ್ಯಾಟರಿ ಎತ್ತಿಕೊಂಡು ಹೋಗಿ ಟಿ.ವಿ.ಗೆ ಸಿಕ್ಕಿಸಿದ್ದಾರೆ. ಅರ್ಧ ಊರಿನವರು ಕೂತು ಸಿನಿಮಾ ನೋಡಿದ್ದಾರೆ. ಮದುವೆ ದಿನ ಕಾರು ತಳ್ಳಿದವರೂ ಅವರೇ. ನನಗೆ ಏಟು ಬೀಳುವಾಗ ಒಬ್ಬರಾದರೂ ಬಾಯಿ ಬಿಟ್ಟರೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಸಂಜೆ ಅಪ್ಪ ಬಂದಾಗ ಕೈ ಹಿಡಿದು ಎಳೆದುಕೊಂಡು ಹೋಗಿ ಕ್ಲಿಪ್ಪು ತೋರಿಸಿದೆ. ಅಪ್ಪ ಬೆರಳಲ್ಲಿ ಮುಟ್ಟಿ ನೋಡಿದರು.

"ಅಣ್ಣ ದೊಡ್ಡೋನು ಕಣವ್ವ, ಬುಡು" ಅಂದರು.

ಬಿಡಬೇಕಂತೆ! ಮುಂದಿನ ಆಷಾಢದಲ್ಲಿ ಬ್ಯಾಟರಿ ಒರೆಸುವ ಕೆಲಸ ತಮ್ಮನಿಗೆ ಹೋಯಿತು. ನನ್ನನ್ನು ಯಾರೂ ಕೇಳಲೇ ಇಲ್ಲ. ಈಗ ನೆನೆದರೂ ಮೈಯೆಲ್ಲ ಉರಿಯುತ್ತದೆ.

ಮಕ್ಕಳೇ, ನಿಮ್ಮ ಕಾಲದಲ್ಲಿ ಕಾರು ಎಷ್ಟು ದಿನ ನಿಂತರೂ ಚಿಂತೆಯಿಲ್ಲ. ಗೋಡೆಗೆ ಸಿಕ್ಕಿಸಿದ ಚಾರ್ಜರು ಹಸಿರು ದೀಪ ಹಚ್ಚಿಕೊಂಡು ಬ್ಯಾಟರಿಯನ್ನು ತಾನೇ ನೋಡಿಕೊಳ್ಳುತ್ತದೆ. ಆದರೂ ಯಾರೋ ಅದರ ಪ್ಲಗ್ಗು ಕಿತ್ತು ಮೊಬೈಲು ಸಿಕ್ಕಿಸಿದ್ದಾರೆ, ಇವತ್ತು ಬೆಳಿಗ್ಗೆ ಕಾರು ಏಳಲಿಲ್ಲ. ಕೇಳುವ ಮೊದಲೇ ನೀವೆಲ್ಲ ನಿಮ್ಮಲ್ಲೇ ಚಿಕ್ಕವಳ ಮುಖ ನೋಡಿದಿರಿ. ಅವಳು ತಾನಲ್ಲ ಅಂದಿದ್ದಾಳೆ, ನಾನು ನಂಬಿದ್ದೇನೆ. ಕಿತ್ತವರು ಎದ್ದು ನಿಂತು ಒಪ್ಪಿಕೊಳ್ಳುವವರೆಗೆ ಈ ಮನೆಯಲ್ಲಿ ಅವಳೊಬ್ಬಳಿಗೇ ಮುದ್ದೆ.